‘ನಿಜ ಘಟನೆ ಆಧಾರಿತ’ ಅಂದರೆ ಎಷ್ಟು ನಿಜ?

ನಿಜವಾಗಿ ಬಾಳಿದವರ ಮೇಲೆ ಬರುವ ಸಿನಿಮಾಗಳಲ್ಲಿ ನೂರಕ್ಕೆ ಎಷ್ಟು ಪಾಲು ನಂಬಬಹುದು ಅಂತ ಕೇಳಿದ್ದೀರಿ. ಶೇಕಡಾ ಲೆಕ್ಕ ನನ್ನ ಹತ್ತಿರ ಇಲ್ಲ. ಆದರೆ ಇಂಥ ಸಿನಿಮಾ ನೋಡಿ ಬಂದ ಮೇಲೆ ‘ನಿಜಕ್ಕೂ ಏನಾಗಿತ್ತು’ ಅಂತ ಹುಡುಕುತ್ತಾ ಕೂರುವ ಚಟ ಇದೆ. ಅದರಿಂದ ಗೊತ್ತಾಗಿದ್ದನ್ನು ಹೇಳುತ್ತೇನೆ.

ಚಟ ಅಂಟಿಸಿದ್ದು ಕುಸ್ತಿಪಟು ಗೀತಾ ಫೋಗಟ್ ಮತ್ತು ಅವರ ಅಪ್ಪನ ಮೇಲೆ ಬಂದ 2016ರ ‘ದಂಗಲ್’. ಕೊನೆಯ ಕುಸ್ತಿ ನೆನಪಿದೆ ಅಲ್ವಾ? ಅಪ್ಪನನ್ನು ಕೋಣೆಯೊಳಗೆ ಕೂಡಿ ಬೀಗ ಹಾಕಿರುತ್ತಾರೆ. ಮಗಳು ಇನ್ನೇನು ಸೋತೇಬಿಟ್ಟಳು ಅನ್ನುವಾಗ ಕೊನೇ ಕ್ಷಣದಲ್ಲಿ ಒಂದೇ ಪಟ್ಟಿಗೆ ಐದು ಅಂಕ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಆಮೇಲೆ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಅಂಕಪಟ್ಟಿ ತೆಗೆದು ನೋಡಿದೆ. 55 ಕೆ.ಜಿ. ಫೈನಲ್‌ನಲ್ಲಿ ಗೀತಾ ಫೋಗಟ್ ಗೆದ್ದದ್ದು 1-0, 7-0ರಿಂದ. ಎರಡೇ ಸುತ್ತು, ಮೂರನೇ ಸುತ್ತಿನ ಮಾತೇ ಇಲ್ಲ. ಆರಾಮಾಗಿ ಗೆದ್ದಿದ್ದಾರೆ! ಬೀಗದ ಕಥೆಯೂ ಬರೆದವರ ಕೈಚಳಕ.

ಅಂಕ ಹಿಗ್ಗಿಸಿದ್ದು ನನಗೆ ಅಷ್ಟೇನೂ ಚುಚ್ಚಲಿಲ್ಲ. ಚುಚ್ಚಿದ್ದು ರಾಷ್ಟ್ರೀಯ ತಂಡದ ಕೋಚ್ ಪಾತ್ರ. ಸಿನಿಮಾದಲ್ಲಿ ಆತ ಜಂಬದ, ಸಣ್ಣ ಬುದ್ಧಿಯ ಮನುಷ್ಯ. ಹೆಸರು ಬದಲಾಯಿಸಿದ್ದಾರೆ, ನಿಜ. ಆದರೆ ಹುದ್ದೆ ಹಾಗೇ ಉಳಿದಿದೆ. ಆ ವರ್ಷ ಆ ತಂಡಕ್ಕೆ ಕೋಚ್ ಯಾರು ಅಂತ ಹುಡುಕಲು ಎಷ್ಟು ಹೊತ್ತು ಬೇಕು? ಆಗ ಕೋಚ್ ಆಗಿದ್ದವರು ತಮ್ಮನ್ನು ಹೀಗೆ ತೋರಿಸಿದ್ದು ಸರಿಯಲ್ಲ ಅಂತ ಬಹಿರಂಗವಾಗಿಯೇ ಬೇಸರ ಹೇಳಿಕೊಂಡರು. ಅವರ ಮಾತು ಕೇಳಿಸಿಕೊಂಡವರು ಎಷ್ಟು ಜನ, ಸಿನಿಮಾ ನೋಡಿದವರು ಎಷ್ಟು ಜನ, ನೀವೇ ಯೋಚಿಸಿ.

ಇದು ಒಂದು ಸಿನಿಮಾದ ತಪ್ಪಲ್ಲ. ಬದುಕಿನಲ್ಲಿ ಜಾಸ್ತಿ ಅಡ್ಡ ಬರುವುದು ಬಡತನ, ಕಾಯಿಲೆ, ಕದಲದ ಫೈಲು, ಊರವರ ಬಾಯಿ. ಇವಕ್ಕೆಲ್ಲ ಮುಖ ಇರುವುದಿಲ್ಲ. ಕ್ಯಾಮೆರಾಗೆ ಮುಖ ಬೇಕು. ಹಾಗಾಗಿ ಪಕ್ಕದಲ್ಲಿ ಯಾರು ನಿಂತಿದ್ದಾರೋ ಅವರ ಮುಖಕ್ಕೆ ಮಸಿ ಬಳಿಯುತ್ತಾರೆ. ಕಥಾನಾಯಕನ ವಿಷಯದಲ್ಲಿ ಎಲ್ಲರಿಗೂ ಎಚ್ಚರ. ಹಕ್ಕು ಕೊಂಡಿರುತ್ತಾರೆ, ಮನೆಯವರ ಒಪ್ಪಿಗೆ ಇರುತ್ತದೆ. ಪಕ್ಕದ ಪಾತ್ರದ ಮನೆಗೆ ಯಾರೂ ಹೋಗಿ ಕೇಳುವುದಿಲ್ಲ.

‘ಟೈಟಾನಿಕ್’ (1997) ಯಾರದ್ದೋ ಜೀವನಚರಿತ್ರೆ ಅಲ್ಲ. ಆದರೂ ಇಲ್ಲಿ ಹೇಳಲೇಬೇಕು. ಅದರಲ್ಲಿ ವಿಲಿಯಂ ಮರ್ಡಾಕ್ ಅನ್ನುವ ಹಡಗಿನ ಅಧಿಕಾರಿ ಲಂಚದ ಹಣ ಇಟ್ಟುಕೊಳ್ಳುತ್ತಾನೆ, ಪ್ರಯಾಣಿಕರಿಗೆ ಗುಂಡು ಹೊಡೆಯುತ್ತಾನೆ, ಕೊನೆಗೆ ತಾನೂ ಹೊಡೆದುಕೊಂಡು ಸಾಯುತ್ತಾನೆ. ಮರ್ಡಾಕ್ ನಿಜವಾದ ಮನುಷ್ಯ, ನಿಜವಾದ ಹೆಸರು. ಯಾರೋ ಅಧಿಕಾರಿ ಗುಂಡು ಹಾರಿಸಿದರು ಅಂತ ಬದುಕುಳಿದ ಕೆಲವರು ಹೇಳಿದ್ದುಂಟು. ಅದು ಮರ್ಡಾಕ್ ಅನ್ನುವುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಲಂಚದ ಪ್ರಸಂಗವಂತೂ ಪೂರಾ ಕಟ್ಟಿದ್ದು. ಸ್ಕಾಟ್ಲೆಂಡಿನ ಡಾಲ್‌ಬೀಟಿ ಅವರ ಊರು. ಅಲ್ಲಿಯ ಜನ, ಮನೆಯವರು ಸುಮ್ಮನಿರಲಿಲ್ಲ. 1998ರಲ್ಲಿ ಸ್ಟುಡಿಯೋದ ಹಿರಿಯ ಅಧಿಕಾರಿಯೊಬ್ಬರು ಆ ಊರಿಗೇ ಹೋಗಿ ಕ್ಷಮೆ ಕೇಳಿ, ಶಾಲೆಯಲ್ಲಿ ಮರ್ಡಾಕ್ ಹೆಸರಿನ ಬಹುಮಾನಕ್ಕೆ 5,000 ಪೌಂಡ್ ಕೊಟ್ಟು ಬಂದರು. ಸಿನಿಮಾ ಮಾತ್ರ ಇವತ್ತಿಗೂ ಹಾಗೇ ಓಡುತ್ತಿದೆ. ಕ್ಷಮೆಯ ಸುದ್ದಿ ಅದರ ಜೊತೆಗೆ ಓಡುವುದಿಲ್ಲ.

ಹತ್ತು ವರ್ಷವನ್ನು ಒಂದು ಹಾಡಿನಲ್ಲಿ ಮುಗಿಸುವುದು, ಮೂವರು ಗೆಳೆಯರನ್ನು ಸೇರಿಸಿ ಒಬ್ಬನನ್ನಾಗಿ ಮಾಡುವುದು, ಇವುಗಳನ್ನು ನಾನು ಸುಳ್ಳು ಅನ್ನುವುದಿಲ್ಲ. ಎರಡೂವರೆ ಗಂಟೆಯಲ್ಲಿ ಬೇರೆ ದಾರಿ ಇಲ್ಲ.

ಆದರೆ ತಾರೀಖು ಆಚೀಚೆ ಮಾಡಿದಾಗ ಕೆಲವೊಮ್ಮೆ ಕಾರಣವೇ ಬದಲಾಗುತ್ತದೆ. ‘ಬೊಹಿಮಿಯನ್ ರಾಪ್ಸೊಡಿ’ಯಲ್ಲಿ (2018) ಕ್ವೀನ್ ಅನ್ನುವ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ತನಗೆ ಎಚ್‌ಐವಿ ಇದೆ ಅಂತ ಗೊತ್ತಾದ ಮೇಲೆ 1985ರ ಲೈವ್ ಏಡ್ ಅನ್ನುವ ಸಹಾಯಾರ್ಥ ಸಂಗೀತ ಕಾರ್ಯಕ್ರಮದ ವೇದಿಕೆ ಹತ್ತುತ್ತಾರೆ. ಮುರಿದುಹೋಗಿದ್ದ ತಂಡ ಅದಕ್ಕಾಗಿ ಮತ್ತೆ ಒಂದಾಗುತ್ತದೆ. ನಿಜದಲ್ಲಿ ಕ್ವೀನ್ ತಂಡ ಒಡೆದಿರಲೇ ಇಲ್ಲ, ಅದೇ ವರ್ಷದ ಮೇ ತಿಂಗಳವರೆಗೂ ಪ್ರವಾಸದಲ್ಲಿತ್ತು. ಇನ್ನು ಕಾಯಿಲೆಯ ವಿಷಯ ಅವರಿಗೆ ಗೊತ್ತಾಗಿದ್ದು 1987ರ ಹೊತ್ತಿಗೆ ಅಂತ ಹತ್ತಿರದವರು ಹೇಳುತ್ತಾರೆ. ಅಂದರೆ ಆ ದಿನ ಆತ ಹಾಡಿದ್ದು ಸಾವಿನ ನೆರಳಲ್ಲಿ ಅಲ್ಲ, ಸುಮ್ನೆ ಅಷ್ಟು ಚೆನ್ನಾಗಿ ಹಾಡುತ್ತಿದ್ದದ್ದಕ್ಕೆ. ನನಗೆ ಇದೇ ಹೆಚ್ಚು ಇಷ್ಟವಾಯಿತು. ಸಿನಿಮಾದವರಿಗೆ ಸಾಕಾಗಲಿಲ್ಲ, ಅಷ್ಟೇ.

ಇದಕ್ಕೆ ತದ್ವಿರುದ್ಧ ತಮಿಳಿನ ‘ಸೂರರೈ ಪೋಟ್ರು’ (2020). ಅದು ಕ್ಯಾಪ್ಟನ್ ಗೋಪಿನಾಥ್ ತಮ್ಮ ಬದುಕಿನ ಬಗ್ಗೆ ಬರೆದ ಪುಸ್ತಕದಿಂದ ಹುಟ್ಟಿದ ಸಿನಿಮಾ. ಏರ್ ಡೆಕ್ಕನ್ ಅನ್ನುವ ಅಗ್ಗದ ವಿಮಾನ ಕಂಪನಿ ಕಟ್ಟಿದ ಗೋಪಿನಾಥ್ ನಮ್ಮ ಗೊರೂರಿನವರು, ಭೂಸೇನೆಯಲ್ಲಿದ್ದವರು. ತೆರೆಯ ಮೇಲಿನ ನಾಯಕ ತಮಿಳುನಾಡಿನ ಹಳ್ಳಿಯವನು, ವಾಯುಸೇನೆಯವನು, ಹೆಸರು ಮಾರಾ. ಊರು, ಮನೆತನ, ಖಳನಾಯಕ, ಎಲ್ಲವೂ ಬೇರೆ. ಮೊದಲು ನನಗೆ ಸಿಟ್ಟೇ ಬಂತು, ನಮ್ಮೋರ ಕಥೆ ಎತ್ತಿಕೊಂಡು ಹೋದರಲ್ಲ ಅಂತ. ಗೋಪಿನಾಥ್ ಅವರೇ ನೋಡಿ, ಕಲ್ಪನೆ ಬಹಳ ಇದೆ, ಆದರೂ ತಮ್ಮ ಪುಸ್ತಕದ ತಿರುಳು ಹಿಡಿದಿದ್ದಾರೆ ಅಂತ ಹೊಗಳಿದರು. ಆಮೇಲೆ ಅನ್ನಿಸಿತು, ಹೆಸರು ಬದಲಾಯಿಸಿ ‘ಇದು ಕಥೆ’ ಅಂದವರು, ಅಸಲಿ ಹೆಸರಿಟ್ಟು ಒಳಗೆ ಬೆರಕೆ ಮಾಡಿದವರಿಗಿಂತ ವಾಸಿ.

ಅದಕ್ಕೇ ಈಗ ನಾನು ಪಾತ್ರಗಳ ಪಟ್ಟಿ ನೋಡುತ್ತೇನೆ: ಯಾರಿಗೆ ಅಸಲಿ ಹೆಸರು ಇದೆ, ಯಾರಿಗಿಲ್ಲ? ಇಲ್ಲದವರು ಹೆಚ್ಚಾಗಿ ಕೆಟ್ಟವರೇ ಆಗಿರುತ್ತಾರೆ. ಕೊನೆಯಲ್ಲಿ ಬರುವ ಹಳೇ ಫೋಟೋಗಳ ಬಗ್ಗೆಯೂ ಸ್ವಲ್ಪ ಹುಷಾರು. ಅಸಲಿ ಮುಖ ಕಂಡ ತಕ್ಷಣ ಅದುವರೆಗೆ ನೋಡಿದ್ದಕ್ಕೆಲ್ಲ ಮನಸ್ಸು ತಾನೇ ಮೊಹರು ಒತ್ತಿಬಿಡುತ್ತದೆ.

ಒಂದು ಸುಳ್ಳಿನ ಬಗ್ಗೆ ಮಾತ್ರ ನನಗಿನ್ನೂ ಗೊಂದಲ ಇದೆ. ‘ಎ ಬ್ಯೂಟಿಫುಲ್ ಮೈಂಡ್’ (2001) ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದ್ದ ಗಣಿತಜ್ಞ ಜಾನ್ ನ್ಯಾಶ್ ಅವರ ಕಥೆ. 1994ರ ನೊಬೆಲ್ ವೇದಿಕೆಯಲ್ಲಿ ಹೆಂಡತಿಯನ್ನು ನೆನೆದು ಮಾಡುವ ಭಾಷಣ ನಡೆದೇ ಇಲ್ಲ, 1963ರಲ್ಲಿ ಆದ ವಿಚ್ಛೇದನ ತೆರೆಯ ಮೇಲೆ ಇಲ್ಲ. ಅದಿರಲಿ. ಸಿನಿಮಾದ ನ್ಯಾಶ್ ವಯಸ್ಸಾದ ಮೇಲೆ ಹೊಸ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಅನ್ನುತ್ತಾರೆ. ನಿಜವಾದ ನ್ಯಾಶ್ 1970ರಿಂದ ಈಚೆಗೆ ಔಷಧಿ ಮುಟ್ಟಲಿಲ್ಲ. ಇದನ್ನು ನೋಡಿ ಬೇರೆ ರೋಗಿಗಳು ಮಾತ್ರೆ ಬಿಟ್ಟುಬಿಟ್ಟಾರು ಅನ್ನುವ ಭಯಕ್ಕೆ ಆ ಸಾಲು ಸೇರಿಸಿದರಂತೆ. ನ್ಯಾಶ್ ಬಾಯಲ್ಲಿ ಅವರದಲ್ಲದ ಮಾತು, ಯಾರದೋ ಜೀವ ಉಳಿಯಲಿ ಅಂತ. ನೀವಾಗಿದ್ದರೆ ಆ ಸಾಲು ಇಡುತ್ತಿದ್ದಿರಾ?