ಹುಬ್ಬಳ್ಳಿಯ ಹೊರವಲಯದ ಹೊಸ ಬಡಾವಣೆಯಲ್ಲಿ ನಳದ ನೀರು ಬಹಳ ಗಡಸು, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಮೊತ್ತ) ಮೀಟರು 850 ತೋರಿಸುತ್ತದೆ. ಇಡೀ ಮನೆಗೆ ಸಾಫ್ಟನರ್ ಹಾಕಿಸಬೇಕೋ, ಅಡುಗೆಮನೆಗೆ ಆರ್‌ಒ (ಕರಗಿದ ಲವಣ ಸೋಸುವ ಫಿಲ್ಟರ್) ಸಾಕೋ?

ನವನಗರದ ಆಚೆ ಮನೆ ಕಟ್ಟಿಸಿಕೊಂಡು ಬಂದ ಹೊಸದರಲ್ಲಿ ನಾನೂ ಇಂಥದೇ ಮೀಟರು ಹಿಡಿದು ಇದೇ ಪ್ರಶ್ನೆ ಕೇಳುತ್ತ ತಿರುಗಿದ್ದೆ. ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕರಗುತ್ತಿರಲಿಲ್ಲ, ಬಚ್ಚಲಿನ ನಳಗಳಿಗೆ ಬಿಳಿಯ ಹಕ್ಕಳೆ ಕಟ್ಟುತ್ತಿತ್ತು, ಗೀಸರಿನ ಕಾಯಿಲ್ ಸುಣ್ಣ ಹಿಡಿದು ಸುಟ್ಟುಹೋಗಿತ್ತು. ನೆರೆಮನೆಯ ಕಾಕಾ ಮಾತ್ರ "ಇದು ಸವಳ ನೀರು, ಹಿಂಗ ಇರೂದ" ಎಂದು ಸುಮ್ಮನಿದ್ದರು. ಉಳಿದವರೆಲ್ಲ ಸಾಫ್ಟನರ್ ಹಾಕಿಸಿ ಎಂದರು, ಹಾಕಿಸಿದೆ. ಮೊದಲ ಕೆಲವು ದಿನ ಸೋಪು ಚೆನ್ನಾಗಿ ನೊರೆ ಬಂತು, ಆಮೇಲೆ ಅದೇ ಬಿಳಿ ಪದರ ಮರಳಿ ಕಾಣಿಸಿತು. ಯಂತ್ರ ಕೆಟ್ಟಿರಲಿಲ್ಲ. ನಾನು ಪರೀಕ್ಷೆಗೆ ಕೊಟ್ಟ ನೀರೇ ಬೇರೆಯಾಗಿತ್ತು.

ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಣ ಪೋಲಾದದ್ದು ಇಲ್ಲಿಯೇ. ನಮ್ಮಲ್ಲಿ ಮಲಪ್ರಭೆಯ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ. ನಡುವಿನ ದಿನಗಳಲ್ಲಿ ಬಡಾವಣೆಯ ಬೋರ್‌ವೆಲ್ ನೀರು ಅದೇ ಸಂಪಿಗೆ ಬೀಳುತ್ತದೆ. ನಾನು ಬಾಟಲಿ ತುಂಬಿಸಿದ್ದು ನಳ ಬಂದ ಮರುದಿನ ಬೆಳಿಗ್ಗೆ, ಅದೂ ಅಡುಗೆಮನೆಯ ನಳದಿಂದ. ಸಂಪಿನಲ್ಲಿ ಆಗ ಇದ್ದದ್ದು ಬಹುಪಾಲು ಹೊಳೆಯ ನೀರು. ವರದಿಯಲ್ಲಿ ಗಡಸುತನ ಲೀಟರಿಗೆ 110 ಮಿಲಿಗ್ರಾಂ ಎಂದಿತ್ತು. ಆ ಅಂಕಿಯ ಮೇಲೆಯೇ ಯಂತ್ರದ ಗಾತ್ರವೂ ತೊಳೆಯುವ ಅವಧಿಯೂ ನಿಗದಿಯಾದವು. ಮುಂದೆ ಬೋರಿನ ಬಾಯಲ್ಲೇ ನೀರು ಹಿಡಿದು ಕೊಟ್ಟಾಗ ಬಂದದ್ದು 560.

ಇಷ್ಟು ವ್ಯತ್ಯಾಸದಿಂದ ಏನಾಗುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಸಾಫ್ಟನರ್ ಒಳಗಿನ ರೆಸಿನ್ ಮಣಿಗಳು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಹಿಡಿಯುವ ಶಕ್ತಿ ತೀರಿದ ಮೇಲೆ ಉಪ್ಪುನೀರಿನಿಂದ ತೊಳೆದು ಅವನ್ನು ಮತ್ತೆ ಸಜ್ಜುಗೊಳಿಸಬೇಕಾಗುತ್ತದೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆಂದು ಲೆಕ್ಕ ಹಾಕಿದರೆ 20 ಲೀಟರ್ ರೆಸಿನ್ ಇರುವ ಯಂತ್ರದ ಶಕ್ತಿ 1,000 ಗ್ರಾಂ. ನೀರಿನ ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇದ್ದರೆ ಅದು 10,000 ಲೀಟರಿನ ತನಕ ಬರುತ್ತದೆ, 500 ಇದ್ದರೆ 2,000 ಲೀಟರಿಗೇ ತೀರುತ್ತದೆ. ದಿನಕ್ಕೆ 1,000 ಲೀಟರ್ ಬಳಸುವ ಮನೆಯಲ್ಲಿ ಇದರರ್ಥ, ಹತ್ತು ದಿನಕ್ಕೆ ತೊಳೆಯಬೇಕಾದ ಯಂತ್ರವನ್ನು ಎರಡೇ ದಿನಕ್ಕೆ ತೊಳೆಯಬೇಕು. ನಾನು ಹತ್ತು ದಿನದ ಲೆಕ್ಕವನ್ನು ನಂಬಿ ಕುಳಿತಿದ್ದೆ. ಬೇಸಿಗೆ ಬಂದು ನಳದ ಅಂತರ ಹೆಚ್ಚಿದಂತೆ ಯಂತ್ರವು ಬಹುಕಾಲ ಸುಮ್ಮನೆ ನೀರು ದಾಟಿಸುವ ಪೈಪಾಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ಮೊದಲ ಮಾತನ್ನೇ ನಾನು ಒಪ್ಪುವುದಿಲ್ಲ. ನಳದ ನೀರು ಗಡಸು ಎನ್ನುತ್ತೀರಿ. ಗಡಸಾಗಿರುವುದು ಬಹುಶಃ ನಿಮ್ಮ ಸಂಪು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಸವದತ್ತಿಯ ಹತ್ತಿರ ನವಿಲುತೀರ್ಥ ಅಣೆಕಟ್ಟಿನಲ್ಲಿ ನಿಲ್ಲುವ ಮಲಪ್ರಭೆಯದು ಮಲೆನಾಡಿನ ಮೇಲ್ಮೈ ನೀರು. ಅದು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ನಮಗೆ ಬರುತ್ತದೆ. ಬೋರಿನ ನೀರಾದರೋ ಕಲ್ಲಿನ ಬಿರುಕುಗಳಲ್ಲಿ, ಸುಣ್ಣದ ಹರಳು ತುಂಬಿದ ಎರೆಮಣ್ಣಿನ ಕೆಳಗೆ ನಿಧಾನವಾಗಿ ಸರಿಯುತ್ತ ಖನಿಜ ಕರಗಿಸಿಕೊಂಡು ಬಂದದ್ದು. ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರಲ್ಲಿಯೇ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಕೊಡಲಾರಂಭಿಸಿದರು. ಸಂಪಿಗೆ ಬೋರು ಬೆರೆಸುವ ಪ್ರಸಂಗವೇ ಇಲ್ಲದ ಮನೆಗಳವರು ಸಾಫ್ಟನರ್ ವಿಚಾರಿಸುವುದನ್ನು ನಾನಂತೂ ಕಂಡಿಲ್ಲ.

ಇನ್ನು ಆ ಮೀಟರು. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜಿಸುತ್ತದೆಯೇ ಹೊರತು ಅದರಲ್ಲಿ ಸುಣ್ಣವೆಷ್ಟು, ಉಪ್ಪೆಷ್ಟು ಎಂಬುದನ್ನು ಹೇಳಲಾರದು. ಸಾಫ್ಟನರ್ ಹಾಕಿಸಿದ ಮೇಲೂ ಅದು ಹೆಚ್ಚುಕಡಿಮೆ ಅದೇ ಅಂಕಿ ತೋರಿಸಿದಾಗ ನಾನು ಅಂಗಡಿಯವರ ಮೇಲೆ ಹರಿಹಾಯ್ದಿದ್ದೆ. ಕ್ಯಾಲ್ಸಿಯಂ ಹೋದ ಜಾಗಕ್ಕೆ ಸೋಡಿಯಂ ಬರುವುದರಿಂದ ಮೊತ್ತ ಇಳಿಯುವುದೇ ಇಲ್ಲ, ಆ ವಿಷಯದಲ್ಲಿ ಅವರ ತಪ್ಪಿರಲಿಲ್ಲ. ಗಡಸುತನದ ಪ್ರತಿ 100 ಮಿಲಿಗ್ರಾಂಗೆ ಸುಮಾರು 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. ಮನೆಯಲ್ಲಿ ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಿದ ಹಿರಿಯರಿದ್ದರೆ ಅಡುಗೆಮನೆಯ ಪೈಪಿಗೆ ಸಾಫ್ಟನರ್ ನೀರು ಕೊಡಲೇಬೇಡಿ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ 200 ಮಿಲಿಗ್ರಾಂ ಎಂದು ಮಿತಿ ಹಾಕಿ, ಬೇರೆ ನೀರಿಲ್ಲದಲ್ಲಿ 600ರ ವರೆಗೆ ಬಿಡುತ್ತದೆ. ಗಡಸುತನದಿಂದ ಬೇಳೆಗೆ, ಗೀಸರಿಗೆ ತೊಂದರೆಯೇ ಹೊರತು ಹೊಟ್ಟೆಗೆ ದೊಡ್ಡ ಅಪಾಯವಿಲ್ಲ. ಒಳಚರಂಡಿಯಿಲ್ಲದೆ ಮನೆಗೊಂದು ಶೌಚಗುಂಡಿ ಇರುವ ಹೊಸ ಬಡಾವಣೆಯ ಬೋರಿನಲ್ಲಿ ನಾನು ಹೆದರುವುದು ಹೊಲಸಿನಿಂದ ನೀರಿಗಿಳಿಯುವ ನೈಟ್ರೇಟ್ ಲವಣಕ್ಕೆ ಮತ್ತು ರೋಗಾಣುಗಳಿಗೆ. ನೈಟ್ರೇಟಿನ ಮಿತಿ 45 ಮಿಲಿಗ್ರಾಂ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ನೀರು ಆವಿಯಾಗಿ ನೈಟ್ರೇಟಿನ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಮುಂಡರಗಿ ಕಡೆಯ ನಮ್ಮ ಬೀಗರ ಊರಿನ ಚಿಂತೆ ಫ್ಲೋರೈಡ್. ಅದು ನಾಲಿಗೆಗೂ ಕಣ್ಣಿಗೂ ತಿಳಿಯುವುದಿಲ್ಲ, 1.5 ಮಿಲಿಗ್ರಾಂ ದಾಟಿದ ನೀರು ಬಹುಕಾಲ ಕುಡಿದರೆ ಹಲ್ಲು, ಎಲುಬು ಎರಡಕ್ಕೂ ಕೇಡು. ಅಂಥಲ್ಲಿ ಆರ್‌ಒ ಸರಿಯಾದ ಯಂತ್ರವೆಂದು ಒಪ್ಪುತ್ತೇನೆ. ಹೊಳೆಯ ನೀರಿಗೆ ಆರ್‌ಒ ಹಾಕಿ, ಬಂದ ನೀರಿನ ಅರ್ಧಕ್ಕಿಂತ ಹೆಚ್ಚನ್ನು ಗಟಾರಕ್ಕೆ ಬಿಡುವುದು, ಅದೂ ನಳಕ್ಕೆ ಕಾಯುವ ನಮ್ಮೂರಿನಲ್ಲಿ, ನನಗೆ ಸರಿಕಾಣುವುದಿಲ್ಲ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಸೂಚಿಸಿತ್ತು.

ನೀವು ಮೊದಲು ಎರಡು ಬಾಟಲಿ ಹಿಡಿಯಿರಿ: ಒಂದನ್ನು ನಳ ಬಂದಾಗ ಸಂಪಿಗೆ ಬೀಳುವ ಮೊದಲೇ, ಇನ್ನೊಂದನ್ನು ಬೋರು ಸ್ವಲ್ಪ ಹೊತ್ತು ಓಡಿದ ಮೇಲೆ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು. ಬಳಿಕ ಪ್ಲಂಬರನ್ನು ಕರೆಸಿ ಎರಡೂ ನೀರನ್ನು ಬೇರ್ಪಡಿಸಿ. ನಾನು ಕೊನೆಗೆ ಮಾಡಿದ್ದು ಇದೇ: ನಳದ ನೀರಿಗೆ ಪ್ರತ್ಯೇಕ ಸಣ್ಣ ಟಾಕಿ ಇರಿಸಿ ಅದನ್ನು ಅಡುಗೆಮನೆಗೆ ಮಾತ್ರ ಜೋಡಿಸಿದೆ, ಬೋರಿನ ನೀರು ಸಂಡಾಸಿಗೆ, ಗಿಡಗಳಿಗೆ, ಬಚ್ಚಲಿಗೆ ಹೋಗುತ್ತದೆ. ಸಾಫ್ಟನರಿನ ಬೆಲೆಯ ಸಣ್ಣ ಪಾಲಿನಲ್ಲಿ ಇದು ಮುಗಿಯಿತು, ಬೇಳೆಯೂ ಬೇಯತೊಡಗಿತು.

ಆಮೇಲೂ ಸಾಫ್ಟನರ್ ಬೇಕೆನಿಸಿದರೆ ಗೀಸರಿಗೆ ಅಥವಾ ಸೋಲಾರಿಗೆ ಹೋಗುವ ತಣ್ಣೀರಿನ ಪೈಪಿಗಷ್ಟೇ ಹಾಕಿಸಿ, ಏಕೆಂದರೆ ಸುಣ್ಣ ಹೆಚ್ಚಾಗಿ ಕೂರುವುದು ನೀರು ಕಾಯುವಲ್ಲಿಯೇ. ಗಾತ್ರವನ್ನು ಬೋರಿನ ಬಾಟಲಿಯ ಅಂಕಿಯಿಂದಲೇ ಲೆಕ್ಕ ಹಾಕಿಸಿ, ರೆಸಿನ್ ಎಷ್ಟು ಲೀಟರ್ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.