ಮಗು ಎನ್‌ಐಸಿಯುನಲ್ಲಿ, ಬಾಣಂತಿ ಬೆಂಚಿನ ಮೇಲೆ

ಪ್ರಶ್ನೆ: ಮಗಳಿಗೆ ಎಂಟನೇ ತಿಂಗಳಲ್ಲೇ ಸಿಸೇರಿಯನ್ ಆಗಿ ಹೆಣ್ಣುಮಗು ಹುಟ್ಟಿದೆ. ತೂಕ ಒಂದೂಮುಕ್ಕಾಲು ಕೆ.ಜಿ. ಮಗಳನ್ನು ಮನೆಗೆ ಕಳಿಸಿದ್ದಾರೆ, ಮಗು ಇನ್ನೂ ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಬಾಣಂತನಕ್ಕೆಂದು ತಿಪಟೂರಿನಿಂದ ಬೆಂಗಳೂರಿಗೆ ಬಂದೆ. ಎಣ್ಣೆ ಹಚ್ಚಿ ನೀರು ಹಾಕೋಣ ಎಂದರೆ ಮಗುವೇ ಮನೆಯಲ್ಲಿಲ್ಲ. ಮಗಳು ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಸಂಜೆಗೆ ಬರುತ್ತಾಳೆ, ಮಾತಾಡುವುದಿಲ್ಲ. ಡಾಕ್ಟರ ಇಂಗ್ಲಿಷ್ ನನಗೆ ತಿಳಿಯದು. ನಾನಿಲ್ಲಿದ್ದು ಏನು ಪ್ರಯೋಜನ?
ಹೆಸರು ಬೇಡ, ತಿಪಟೂರು

ಉತ್ತರ: ಊರಿಗೆ ವಾಪಸ್ ಹೋಗುವ ಯೋಚನೆ ಬಿಡಿ ತಾಯಿ. ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು ನಾನು. ಒಳಗೆ ಮಗುವನ್ನು ನೋಡಿಕೊಳ್ಳಲು ನಾವಿರುತ್ತಿದ್ದೆವು. ಹೊರಗೆ ಬೆಂಚಿನ ಮೇಲೆ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಕೂತ ಬಾಣಂತಿ ಊಟ ಮಾಡಿದಳಾ ಎಂದು ವಿಚಾರಿಸಲು ಅವಳ ಅಮ್ಮನೇ ಬರಬೇಕಿತ್ತು.

ಸದ್ಯ ನಿಮ್ಮ ಮಗಳ ಕೈಲಿ ಮಾತ್ರ ಆಗುವ ಕೆಲಸ, ಮಗುವಿಗೆ ಎದೆಹಾಲು ಒದಗಿಸುವುದು. ಮಿಕ್ಕಿದ್ದನ್ನೆಲ್ಲ ನೀವು ವಹಿಸಿಕೊಳ್ಳಬಹುದು. ‘ಏನು ಮಾಡಲಿ?’ ಎಂದು ಅವಳನ್ನು ಕೇಳುತ್ತಾ ಕೂರಬೇಡಿ. ಹೇಳುವಷ್ಟು ತ್ರಾಣವೂ ಅವಳಲ್ಲಿರುವುದಿಲ್ಲ.

ಮಗು ಇನ್ನೂ ಬಾಯಿಟ್ಟು ಚೀಪದಿದ್ದರೆ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಿ ತೆಗೆಯಬೇಕು. ಇಲ್ಲದಿದ್ದರೆ ಹಾಲು ಇಂಗುತ್ತದೆ. ರಾತ್ರಿ ಅವಳ ಜೊತೆ ನೀವೂ ಏಳಿ. ಹಿಂಡಿದ ಕೂಡಲೇ ಅವಳನ್ನು ಮಲಗಿಸಿ, ಹಾಲು ಹಿಂಡುವ ಪಂಪಿನ ಬಿಡಿಭಾಗಗಳನ್ನು ಸೋಪಿನ ನೀರಲ್ಲಿ ತೊಳೆದು, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಕುದಿಸಿ, ಶುಭ್ರ ಬಟ್ಟೆಯ ಮೇಲೆ ಆರಹಾಕಿ. ಬಾಟಲಿಗೆ ಚೀಟಿ ಅಂಟಿಸಿ ತಾರೀಖು, ಗಂಟೆ ಬರೆಯಿರಿ. ಫ್ರಿಜ್ಜಿನ ಬಾಗಿಲಲ್ಲಿಡಬೇಡಿ, ಒಳಗೆ ಹಿಂಬದಿಗೆ ಇಡಿ, ತಂಪು ಅಲ್ಲಿ ಒಂದೇ ಸಮ ಇರುತ್ತದೆ. ಎಷ್ಟು ಹೊತ್ತಿನ ಹಾಲು ತರಬಹುದು ಎಂದು ವಾರ್ಡಿನ ಸಿಸ್ಟರ್ ಹೇಳುತ್ತಾರೆ, ಅವರ ಮಾತೇ ಅಂತಿಮ. ಮೊದಮೊದಲು ಕೆಲವೇ ಹನಿ ಬರಬಹುದು. ‘ಇಷ್ಟೇನಾ?’ ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಬರಕೂಡದು. ಅಷ್ಟು ಪುಟ್ಟ ಮಗುವಿಗೆ ಟ್ಯೂಬಿನಲ್ಲಿ ಹಾಕುವುದೂ ಎಂಎಲ್ ಲೆಕ್ಕದಲ್ಲೇ.

ಅಡುಗೆ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಎಲ್ಲ ಆಗಲಿ. ಆಸ್ಪತ್ರೆಗೆ ಒಂದೇ ಕೈಲಿ ತಿನ್ನುವಂಥದ್ದು ಕಟ್ಟಿಕೊಡಿ, ಪಲ್ಯ ಸುತ್ತಿದ ಚಪಾತಿ, ಹುರಿಹಿಟ್ಟಿನ ಉಂಡೆ. ಅಳಿಯನಿಗೂ ಒಂದು ಡಬ್ಬಿ ಇರಲಿ, ಅವರೂ ಓಡಾಡಿ ಸೋತಿರುತ್ತಾರೆ. ನೀರು ಕುಡಿಯಬಾರದೆಂಬ ಪಥ್ಯ ಬೇಡವೇ ಬೇಡ, ಹಾಲು ಕೊಡುವವಳಿಗೆ ಬಾಯಾರಿಕೆ ಹೆಚ್ಚು. ಡಾಕ್ಟರು ಬರೆದ ಐರನ್ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ಕೊಡಬೇಡಿ, ಐರನ್ ಮೈಗೆ ಹತ್ತುವುದಿಲ್ಲ. ಕಾಫಿಯ ಜೊತೆಗೂ ಬೇಡ.

ಫೋನ್ ನಿಮ್ಮ ಕೈಲಿರಲಿ. ‘ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ’ ಎನ್ನುವ ನೆಂಟರು ಒಬ್ಬರಾದರೂ ಇದ್ದೇ ಇರುತ್ತಾರೆ. ಅದು ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಕಳೆದಷ್ಟೂ ಮಗುವಿಗೆ ಒಳ್ಳೆಯದು. ಆ ಮಾತು ಮಗಳ ಕಿವಿಗೆ ಬೀಳದಂತೆ ತಡೆಯುವುದು ನಿಮ್ಮ ಹೊಣೆ.

ಇನ್ನು ಕಾಂಗರೂ ಆರೈಕೆ. ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ ಪೆಟ್ಟಿಗೆಗಳು ಸಾಲದೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಪದ್ಧತಿ ಇದು. ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ ಹಾಕಿ, ನೆಟ್ಟಗೆ ಎದೆಯ ನಡುವೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಮೇಲೆ ಬಟ್ಟೆ ಕಟ್ಟುತ್ತಾರೆ. ದಿನಕ್ಕೆ 8ರಿಂದ 24 ಗಂಟೆ ಹೀಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಹಸಿ ಹೊಲಿಗೆಯ ಬಾಣಂತಿ ಅಷ್ಟು ಹೊತ್ತು ಒಬ್ಬಳೇ ಕೂರಲಾರಳು. ಅಪ್ಪ, ಅಜ್ಜಿ ಯಾರು ಬೇಕಾದರೂ ಮಾಡಬಹುದು. ಅಜ್ಜಿಯನ್ನು ಒಳಗೆ ಬಿಡುತ್ತಾರಾ ಎಂದು ಕೇಳಿ. ಬಿಟ್ಟರೆ ಸ್ನಾನ ಮಾಡಿ, ಬಳೆ ಉಂಗುರ ತೆಗೆದಿಟ್ಟು, ಮುಂದೆ ಗುಂಡಿಯಿರುವ ಅಂಗಿ ತೊಟ್ಟು ಹೋಗಿ. ಶೀತ ಕೆಮ್ಮಿದ್ದ ದಿನ ಬೇಡ. ಇಂಗ್ಲಿಷ್ ಬರದಿದ್ದರೂ ಸಿಸ್ಟರ್‌ಗಳನ್ನು ಕನ್ನಡದಲ್ಲೇ ಕೇಳಿ: ಇವತ್ತಿನ ತೂಕ ಎಷ್ಟು, ಹಾಲು ಎಷ್ಟು ಎಂಎಲ್? ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮಗಳ ಮೌನವನ್ನು ಕೆದಕಬೇಡಿ, ಆದರೆ ಗಮನಿಸುತ್ತಿರಿ. ಹೆರಿಗೆಯಾದ ಹೊಸತರಲ್ಲಿ ಅಳು, ಬೇಸರ ಸಹಜ. ಎರಡು ವಾರ ಕಳೆದರೂ ಹಾಗೇ ಇದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂದರೆ ಒಂದು ಗಳಿಗೆಯೂ ಒಬ್ಬಳನ್ನೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ, ಹೊಲಿಗೆಯಲ್ಲಿ ಕೀವು, ಹೆಚ್ಚು ರಕ್ತಸ್ರಾವ, ತಡೆಯಲಾಗದ ತಲೆನೋವು ಕಂಡರೂ ಕಾಯಬೇಡಿ.

ಎಣ್ಣೆ ನೀರಿನ ಕಾಲವೂ ಬರುತ್ತದೆ. ಮಗು ಮನೆಗೆ ಬಂದ ಮೇಲೆ ಡಾಕ್ಟರು ಹೂಂ ಎಂದಾಗ ಶುರುಮಾಡಿ. ಆಗಲೂ ಮುಚ್ಚಿದ ಕೋಣೆಯಲ್ಲಿ ಕೆಂಡದ ಧೂಪ ಬೇಡ, ಬಾಯಿಗೆ ಜೇನು, ಬಜೆ ಬೇಡ.