ಆಸಫ್ ಖಾನನ ಗೋರಿ ಬೋಳಾಗಿದ್ದು ಹೇಗೆ?

ಪ್ರಶ್ನೆ: ಲಾಹೋರಿನ ಶಾಹ್‌ದರಾದಲ್ಲಿರುವ ಜಹಾಂಗೀರನ ಗೋರಿಯ ಫೋಟೋ ನೋಡಿದೆ. ಕೆಂಪು ಕಲ್ಲು, ಬಿಳಿ ಅಮೃತಶಿಲೆ, ಬಲು ಚಂದ. ಪಕ್ಕದ ಆಸಫ್ ಖಾನನ ಗೋರಿ ಮಾತ್ರ ಬರೀ ಇಟ್ಟಿಗೆ. ಕಮಾನುಗಳ ಮೇಲೆ ಅಲ್ಲಲ್ಲಿ ಒಂದಿಷ್ಟು ನೀಲಿ, ಹಳದಿ. ದುಡ್ಡು ಸಾಲದೆ ಅರ್ಧಕ್ಕೇ ನಿಲ್ಲಿಸಿದರಾ? ಆ ಬಣ್ಣ ಪೇಂಟಾ?

ಉತ್ತರ: ದುಡ್ಡಿಗೇನು ಬರ ಸ್ವಾಮಿ! ಆಸಫ್ ಖಾನ್ ನೂರ್ ಜಹಾನಳ ಅಣ್ಣ, ಮುಮ್ತಾಜಳ ಅಪ್ಪ. 1641ರಲ್ಲಿ ಅವನು ತೀರಿಕೊಂಡಾಗ ಗೋರಿ ಕಟ್ಟಿಸಿದ್ದು ಅಳಿಯ ಷಹಜಹಾನ್. 1645ರ ಹೊತ್ತಿಗೆ ಕೆಲಸ ಮುಗಿದಿತ್ತು.

ನಿಮಗೆ ಕಂಡಿದ್ದು ಒಳಮೈ. ಪಂಜಾಬಿನ ಬಯಲಲ್ಲಿ ಕಟ್ಟುವ ಕಲ್ಲಿಲ್ಲ, ಮಣ್ಣು ಬೇಕಾದಷ್ಟಿದೆ. ಹಾಗಾಗಿ ಎಂಟು ಮೂಲೆಯ ಕಟ್ಟಡವನ್ನೂ ಈರುಳ್ಳಿಯಂತೆ ಉಬ್ಬಿದ ಗುಮ್ಮಟವನ್ನೂ ಇಟ್ಟಿಗೆಯಲ್ಲೇ ಎಬ್ಬಿಸಿ, ಗುಮ್ಮಟಕ್ಕೆ ಅಮೃತಶಿಲೆ ಹೊದಿಸಿದರು. ಆ ಹೊದಿಕೆಯನ್ನು ಸಿಖ್ ದೊರೆ ರಣಜಿತ್ ಸಿಂಗನ ಕಾಲದಲ್ಲಿ ಕಿತ್ತರು.

ಇನ್ನು ಬಣ್ಣದ ವಿಷಯ. ಅದು ಪೇಂಟಲ್ಲ, ಕಾಶಿಕಾರಿ. ಒಂದೊಂದು ಬಣ್ಣದ ಟೈಲನ್ನೂ ಬೇರೆ ಬೇರೆ ಸುಟ್ಟು, ಚಿತ್ರಕ್ಕೆ ತಕ್ಕಂತೆ ಕೊರೆದು, ಸುಣ್ಣದ ಗಾರೆಯಲ್ಲಿ ಕೂರಿಸುವ ಕೆಲಸ. ಫೋಟೋ ದೊಡ್ಡದು ಮಾಡಿ ನೋಡಿ. ಹಳದಿ ಎಸಳು ಮುಗಿದು ನೀಲಿ ಶುರುವಾಗುವ ಕಡೆ ಕೂದಲೆಳೆಯಂಥ ಗೆರೆ ಇರುತ್ತದೆ. ಅದೇ ಬೆಸುಗೆ. ಎಸಳು ಒಂದು ಚೂರು, ಬಳ್ಳಿ ಇನ್ನೊಂದು. ಎಸಳು ಕೊರೆಯುವುದು ಹೇಗೋ ಆದೀತು. ಅದರ ಸುತ್ತಲಿನ ನೀಲಿಯನ್ನು ಅದೇ ಆಕಾರಕ್ಕೆ ಸರಿಯಾಗಿ ಕೊರೆಯಬೇಕಲ್ಲ, ಕೈಚಳಕ ಅಲ್ಲಿ ಬೇಕು. ಇಷ್ಟೆಲ್ಲ ಯಾಕೆಂದರೆ, ಒಂದೇ ಟೈಲಿನ ಮೇಲೆ ಎಲ್ಲ ಬಣ್ಣ ಹಚ್ಚಿ ಸುಟ್ಟರೆ ಅವು ಕರಗಿ ಒಂದರೊಳಗೊಂದು ಹರಿಯುತ್ತವೆ. ಬೇರೆ ಬೇರೆ ಸುಟ್ಟರೆ ಕೋಬಾಲ್ಟಿನ ಕಡುನೀಲಿಗೂ ತಾಮ್ರದ ಹಸಿರಿಗೂ ಅದಕ್ಕದಕ್ಕೆ ಬೇಕಾದ ಶಾಖ ಕೊಡಬಹುದು.

ಅಮೃತಶಿಲೆ ಹೋಗಿ ಟೈಲ್ಸ್ ಅಷ್ಟಿಷ್ಟಾದರೂ ಉಳಿದಿದ್ದು ಯಾಕೆ? ಹಳೇ ಕಟ್ಟಡಗಳ ದುರಸ್ತಿಯಲ್ಲೇ ತಲೆ ನರೆತವನು ನಾನು, ನನ್ನ ಲೆಕ್ಕ ಇಷ್ಟೇ: ಚಪ್ಪಡಿ ಕಿತ್ತರೆ ಇನ್ನೊಂದು ಕಡೆ ಹಾಕಬಹುದು. ಒಂದು ಎಸಳಿಗೆಂದೇ ಕೊರೆದ ಚೂರನ್ನು ಕಿತ್ತು ಏನು ಮಾಡುತ್ತೀರಿ? ಸುಮ್ನೆ ಹೆಂಚಿನ ಚೂರು.

ಈ ಟೈಲ್ಸಿಗೆ ಕಳ್ಳರಿಗಿಂತ ನೀರಿನ ಭಯ ಜಾಸ್ತಿ. ಬೋಳು ಇಟ್ಟಿಗೆಗೆ ಇಳಿದ ಮಳೆನೀರು ಉಪ್ಪನ್ನು ಕರಗಿಸಿ ತರುತ್ತದೆ. ನೀರು ಆರಿದಾಗ ಉಪ್ಪು ಟೈಲಿನ ಹಿಂದೆ ಹರಳುಗಟ್ಟಿ ಮೆರುಗನ್ನು ಹೊರಕ್ಕೆ ತಳ್ಳುತ್ತದೆ. ಇಂಥ ಕಡೆ ಸಿಮೆಂಟ್ ಮೆತ್ತುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನೀರು ಒಳಗೇ ಸಿಕ್ಕಿಬೀಳುತ್ತದೆ. ಸುಣ್ಣದ ಗಾರೆಯೇ ಆಗಬೇಕು.

ಇದೇ ಕೆಲಸ ಗೋಡೆ ತುಂಬ ಇರುವುದನ್ನು ನೋಡಬೇಕಾದರೆ ಅದೇ ಊರಿನ ವಜೀರ್ ಖಾನ್ ಮಸೀದಿಯ ಫೋಟೋ ಹುಡುಕಿ. ಅದೂ ಇಟ್ಟಿಗೆಯದೇ.